ನಾಳೆ ಬಾ, ಮತ್ತು ಖಾಲಿಯಾದ ಕಪ್ಪು ಇಂಕು

31 ಅಕ್ಟೋಬರ್ 2024, ಗುರುವಾರ
ಎಡಿಸನ್, ನ್ಯೂಜೆರ್ಸಿ. ರಾತ್ರಿ ಹತ್ತೂವರೆ.

ಕಾಲು ನೋಯುತ್ತಿದೆ. ಬೆಳಗಿನ ಜಾವ ಐದಕ್ಕೆ ಎದ್ದು ಎಲ್ಲರಿಗೂ ಎಣ್ಣೆ ಸ್ನಾನ. ಇಲ್ಲಿನ ಲೆಕ್ಕದಲ್ಲಿ ಲಕ್ಷ್ಮೀ ಪೂಜೆಯೂ ಇವತ್ತೇ ಸಂಜೆ. ಮಂಗಳಾರತಿ ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ದೆವ್ವಗಳ ಸಾಲು. ಈ ವರ್ಷ ದೀಪಾವಳಿಯೂ ಹ್ಯಾಲೋವೀನೂ ಒಂದೇ ದಿನ ಬಂದು ಕೂತಿವೆ. ನನ್ನ ಒಂದು ಕೈಯಲ್ಲಿ ಕಜ್ಜಾಯದ ತಟ್ಟೆ, ಇನ್ನೊಂದರಲ್ಲಿ ಚಾಕಲೇಟಿನ ಬುಟ್ಟಿ.

ಸಾಗರದಿಂದ ಬಂದಿರುವ ಅಮ್ಮ ಈಗಷ್ಟೇ ಮಲಗಲು ಹೋದಳು. ಹೋಗುವಾಗ ಹೇಳಿದ ಮಾತು: "ನಾವು ಪಿತೃಪಕ್ಷದಲ್ಲಿ ಎಡೆ ಇಟ್ಟು ಕಾಗೆ ಕರೀತೀವಿ. ಇವ್ರು ಮಕ್ಕಳಿಗೇ ದೆವ್ವದ ವೇಷ ಹಾಕಿ ಮನೆಮನೆಗೆ ಕಳಿಸ್ತಾರಲ್ಲೇ ಮಾರಾಯ್ತಿ!"

ಮರೆಯುವ ಮೊದಲು ಈ ಸಲದ ಅಲಂಕಾರದ ಕತೆ ಬರೆದಿಟ್ಟುಬಿಡುತ್ತೇನೆ.

ಶುರುವಾಗಿದ್ದು ಎದುರುಮನೆಯ ಅಸ್ಥಿಪಂಜರದಿಂದ. ಹೋಂ ಡಿಪೋ ಅಂಗಡಿಯವರ ಆ 12 ಅಡಿ ಎತ್ತರದ್ದು, 299 ಡಾಲರ್. 2020ರಲ್ಲಿ ಅದು ಮಾರುಕಟ್ಟೆಗೆ ಬಂದಾಗಿನಿಂದ ಬೀದಿಗೊಂದು ನಿಂತಿರುತ್ತದೆ. ಏಳು ವರ್ಷದ ಮಗಳು ತಿಂಗಳ ಮೊದಲ ವಾರವೇ ಕಿಟಕಿಗೆ ಮೂಗು ಒತ್ತಿ ನಿಂತಳು. "ನಮ್ಮನೆಗೆ ಯಾಕಿಲ್ಲ?" ನಾವಿರುವುದು ಬಾಡಿಗೆ ಮನೆ. ಒಂದು ತಿಂಗಳು ನಿಲ್ಲಿಸಿದ ಮೇಲೆ ಉಳಿದ ಹನ್ನೊಂದು ತಿಂಗಳು ಆ ಪುಣ್ಯಾತ್ಮನನ್ನು ಎಲ್ಲಿ ಮಲಗಿಸಲಿ? ನಾನು 15 ಡಾಲರ್ ಕೊಡುತ್ತೇನೆ, ಅಷ್ಟರಲ್ಲೇ ಮಾಡೋಣ, ಉಳಿದಿದ್ದನ್ನು ಪುಕ್ಕಟೆ ಪ್ರಿಂಟ್ ತೆಗೆಯೋಣ ಎಂದೆ. ಆ "ಪುಕ್ಕಟೆ" ಎನ್ನುವ ಪದವೇ ನನ್ನನ್ನು ಕೆಡಿಸಿತು.

ಇಂಟರ್ನೆಟ್ಟಿನಲ್ಲಿ ಹ್ಯಾಲೋವೀನ್ ಪ್ರಿಂಟಬಲ್ ಎಂದು ಹುಡುಕಿದರೆ ಮನೆಯಲ್ಲೇ ಪ್ರಿಂಟ್ ತೆಗೆಯುವಂಥ ಚಿತ್ರಗಳು ರಾಶಿರಾಶಿ ಸಿಗುತ್ತವೆ. ಅರ್ಧಕ್ಕೆ ಇಮೇಲ್ ಕೊಡಬೇಕು. ಇನ್ನರ್ಧದಲ್ಲಿ ನಾಲ್ಕು ಡೌನ್‌ಲೋಡ್ ಬಟನ್ ಇರುತ್ತವೆ, ಅದರಲ್ಲಿ ಮೂರು ಜಾಹೀರಾತು. ಹೇಗೋ ಒಂದು ಭೂತಬಂಗಲೆಯ ಚಿತ್ರ ಸಿಕ್ಕಿತು. ಚೆನ್ನಾಗಿತ್ತು. ಕಗ್ಗತ್ತಲ ಆಕಾಶ, ಹಳದಿ ಚಂದ್ರ, ಬಂಗಲೆಯೂ ಕಪ್ಪು. ಎಂಟು ಹಾಳೆ ಜೋಡಿಸಿದರೆ ಬಾಗಿಲಷ್ಟು ದೊಡ್ಡದಾಗುತ್ತದೆ ಎಂದು ಬರೆದಿದ್ದರು. ಮನೆಯ ಪ್ರಿಂಟರಿಗೆ ಕೊಟ್ಟೆ. ಮೂರು ಹಾಳೆ ಚೆನ್ನಾಗಿ ಬಂದವು. ನಾಲ್ಕನೆಯದರಲ್ಲಿ ಆಕಾಶಕ್ಕೆ ಪಟ್ಟೆ ಬಿತ್ತು. ಆರನೆಯದು ಬೂದಿ ಬಣ್ಣ. ಏಳನೆಯದು ಬರಲೇ ಇಲ್ಲ. ಕಪ್ಪು ಇಂಕು ಖಾಲಿ.

ಹೊಸ ಕಾರ್ಟ್ರಿಜ್ ತೆಗೆದುಕೊಂಡರೆ ನನ್ನ 15 ಡಾಲರ್ ಅಲ್ಲಿಗೇ ಮುಗಿಯಿತು. ಸಾಲದ್ದಕ್ಕೆ ಆ ಚಿತ್ರ ಎ4 ಅಳತೆಯದ್ದು. ಇಲ್ಲಿನ ಲೆಟರ್ ಹಾಳೆ ಅದಕ್ಕಿಂತ ಸ್ವಲ್ಪ ಅಗಲ, ಆದರೆ ಉದ್ದದಲ್ಲಿ ಸುಮಾರು 2 ಸೆಂಟಿಮೀಟರ್ ಕಮ್ಮಿ. ನಾನು ಅಳತೆ ನೋಡದೆ ಒತ್ತಿದ್ದರಿಂದ ಪ್ರತಿ ಹಾಳೆಯಲ್ಲೂ ತಳ ಕತ್ತರಿಸಿ ಹೋಗಿತ್ತು. ಜೋಡಿಸಿದಾಗ ಬಂಗಲೆಯ ಮೊದಲ ಮಹಡಿಗೂ ನೆಲಮಹಡಿಗೂ ಸಂಬಂಧವೇ ಇಲ್ಲ. ಇವರು ಬಂದು ನೋಡಿ, "ಮುನ್ಸಿಪಾಲಿಟಿಯವರು ರಸ್ತೆ ಅಗಲ ಮಾಡೋಕೆ ಕೆಡವಿದ ಮನೆ ಥರ ಇದೆ" ಎಂದರು. ಮಗಳು ನಗಲಿಲ್ಲ. ನಾನೂ ನಗಲಿಲ್ಲ.

ಆ ರಾತ್ರಿ ಹೊಳೆದಿದ್ದು ಇಷ್ಟೇ. ಕಪ್ಪನ್ನು ಯಾಕೆ ಪ್ರಿಂಟ್ ಮಾಡಬೇಕು? ಕಪ್ಪು ಕಾಗದವೇ ಸಿಗುತ್ತದಲ್ಲ. ಪ್ರಿಂಟರಿನಿಂದ ಬೇಕಾಗಿದ್ದು ಆಕಾರ ಮಾತ್ರ, ಅಂದರೆ ಒಂದು ಗೆರೆ. ನಮ್ಮ ಕಡೆ ದರ್ಜಿಗಳು ರಟ್ಟಿನ ಅಚ್ಚು ಇಟ್ಟುಕೊಂಡು ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ ನೋಡಿ, ಹಾಗೆ.

ಮಾರನೇ ದಿನ ಲೈಬ್ರರಿಗೆ ಹೋದೆ. ಕಪ್ಪು ಬಿಳುಪು ಪ್ರಿಂಟಿಗೆ ಹಾಳೆಗೆ 15 ಸೆಂಟು. ಒಂದೇ ಹಾಳೆಯಲ್ಲಿ ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರು ಬಾವಲಿಗಳ ಬರೀ ಗೆರೆ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಜಾಲತಾಣದಲ್ಲಿ ನೂರು ವರ್ಷಕ್ಕಿಂತ ಹಳೆಯ ಪ್ರಾಣಿಶಾಸ್ತ್ರದ ಪುಸ್ತಕಗಳು ತೆರೆದುಕೊಂಡೇ ಇವೆ. ಅದರಲ್ಲಿನ ಬಾವಲಿಗಳನ್ನು ನೋಡಿ ನಾನೇ ಗೆರೆ ಎಳೆದಿದ್ದೆ. ಸುಮ್ನೆ ಹೇಳುತ್ತಿಲ್ಲ, ಕಾರ್ಟೂನ್ ಬಾವಲಿಗಿಂತ ನಿಜವಾದ ಬಾವಲಿಯ ಕಿವಿ ಜಾಸ್ತಿ ಹೆದರಿಸುತ್ತದೆ.

ಇನ್ನೊಂದು, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ನಿಂತ ಬೆಕ್ಕು. ಅದನ್ನು ಪಿಡಿಎಫ್ ತೆರೆಯುವ ಅಕ್ರೊಬ್ಯಾಟ್ ರೀಡರಿನಲ್ಲಿ ತೆರೆದು ಪ್ರಿಂಟ್ ಒತ್ತಿದರೆ "ಪೋಸ್ಟರ್" ಎಂಬ ಆಯ್ಕೆ ಇರುತ್ತದೆ. ಶೇಕಡಾ 200 ಎಂದು ಕೊಟ್ಟೆ. ಒಂದು ಹಾಳೆಯ ಬೆಕ್ಕು ಉದ್ದಕ್ಕೂ ಅಗಲಕ್ಕೂ ಎರಡು ಪಟ್ಟು ಬೆಳೆದು, ಅಂಚು ಬಿಡುವುದೂ ಸೇರಿ ಒಂಬತ್ತು ಹಾಳೆಗೆ ಹರಡಿತು. ಹಾಳೆಗಳು ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ, ಎಲ್ಲಿ ಕತ್ತರಿಸಬೇಕು ಎಂಬ ಗುರುತೂ ಬರುವ ಹಾಗೆ ಅದೇ ಜಾಗದಲ್ಲಿ ಹೇಳಬಹುದು. ಈ ಸಲ ಹಾಳೆಯ ಅಳತೆ ಎರಡು ಸಲ ನೋಡಿದೆ. ಒಟ್ಟು ಹತ್ತು ಹಾಳೆ, ಒಂದೂವರೆ ಡಾಲರ್.

ಡಾಲರ್ ಟ್ರೀ ಅಂಗಡಿಯಲ್ಲಿ ಈಗ ಹೆಚ್ಚಿನದಕ್ಕೆಲ್ಲ ಒಂದೂಕಾಲು ಡಾಲರ್, ಹೆಸರು ಮಾತ್ರ ಹಳೆಯದೇ. ಅಲ್ಲಿ ಒಂದು ಕಟ್ಟು ಕಪ್ಪು ಹಾಳೆ, ಒಂದು ಕಟ್ಟು ಕಿತ್ತಳೆ ಬಣ್ಣದ ಟಿಶ್ಯೂ ಪೇಪರ್, ಬ್ಯಾಟರಿ ದೀಪಗಳ ಎರಡು ಪೊಟ್ಟಣ. ಬೆಂಕಿಯ ದೀಪ ಹೊರಗೆ ಬೇಡವೇ ಬೇಡ ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಸೆಪ್ಟೆಂಬರ್ ಕೊನೆಯಿಂದ ಇಲ್ಲಿ ಮಳೆಯೇ ಬಿದ್ದಿಲ್ಲ. ಹುಲ್ಲು ಹಪ್ಪಳ. ಕಾಡ್ಗಿಚ್ಚಿನ ಭಯಕ್ಕೆ ರಾಜ್ಯದಲ್ಲಿ ಹೊರಗೆ ಬೆಂಕಿ ಹಾಕುವುದಕ್ಕೆ ನಿರ್ಬಂಧವಿದೆ. ಆದರೆ ಕಾಗದದ ಅಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ಅಕ್ಟೋಬರ್ ಸಿಗುವುದಿಲ್ಲ. ಹೋದ ವರ್ಷ ಅಂಟಿಸಿದ್ದೆಲ್ಲ ಎರಡನೇ ದಿನವೇ ಮುದ್ದೆಯಾಗಿತ್ತು.

ಬಾವಲಿಯ ಅಚ್ಚನ್ನು ಸೀರಿಯಲ್ ಡಬ್ಬದ ರಟ್ಟಿಗೆ ಅಂಟಿಸಿ ಕತ್ತರಿಸಿಕೊಂಡೆವು. ಕಪ್ಪು ಹಾಳೆಯನ್ನು ಮಡಚಿ, ಮಡಿಕೆಯ ಮೇಲೆ ಅರ್ಧ ಬಾವಲಿ ಬರೆದು ಕತ್ತರಿಸಿದರೆ ಬಿಚ್ಚಿದಾಗ ಪೂರ್ತಿ ಬಾವಲಿ. ರೆಕ್ಕೆ ಸ್ವಲ್ಪ ಮೇಲಕ್ಕೆ ಬಾಗಿಸಿ, ಹೊಟ್ಟೆಗೆ ಮಾತ್ರ ನೀಲಿ ಪೇಂಟರ್ಸ್ ಟೇಪು. ಗೋಡೆಯ ಬಣ್ಣ ಕಿತ್ತು ಬರುವುದಿಲ್ಲ, ಮನೆ ಮಾಲೀಕರಿಗೂ ಗೊತ್ತಾಗುವುದಿಲ್ಲ. ನಲವತ್ತು ಬಾವಲಿ ಆದವು. ಮಗಳು ಅವನ್ನು ಗೋಡೆ ತುಂಬ ದೂರದೂರ ಅಂಟಿಸಿದಾಗ ಹಾಳೆ ಹರಿದು ಹಾರಿಬಂದ ಹಾಗೆ ಕಂಡಿತು. ಎಲ್ಲ ತೆಗೆದು ಮೂಲೆಯಲ್ಲಿ ಚಿಕ್ಕವನ್ನು ಗುಂಪಾಗಿ, ಹೊರಗೆ ಬರುತ್ತಾ ದೊಡ್ಡವನ್ನು ಬಿಡಿಬಿಡಿಯಾಗಿ ಅಂಟಿಸಿದೆವು. ಆಗ ಅವು ಹಾರತೊಡಗಿದವು. ಬೆಕ್ಕಿಗೆ ಪಾರ್ಸೆಲ್ ಬಂದ ರಟ್ಟಿನ ಡಬ್ಬ ಸಾಕಾಯಿತು. ಕಣ್ಣಿನ ಜಾಗ ಕೊರೆದು, ಹಿಂದೆ ಕಿತ್ತಳೆ ಟಿಶ್ಯೂ, ಅದರ ಹಿಂದೆ ಟೇಬಲ್ ಲ್ಯಾಂಪ್. ರಾತ್ರಿ ರಸ್ತೆಯಿಂದ ನೋಡಿದರೆ ನನಗೇ ಒಂದು ಕ್ಷಣ ಎದೆ ಝಲ್ಲೆಂದಿತು.

ಅಮ್ಮನ ತಕರಾರು ಶುರುವಾಗಿದ್ದು ಅಲ್ಲಿಂದ. "ಹಬ್ಬದ ದಿನ ಬಾಗಿಲಿಗೆ ಕಪ್ಪು ಬೇಡ." ಅದೂ ನ್ಯಾಯವೇ. ಹೊಸಿಲಿಗೆ ರಂಗೋಲಿ, ಬಾಗಿಲಿಗೆ ತೋರಣ, ಅಲ್ಲಿ ದೆವ್ವಗಳಿಗೆ ಪ್ರವೇಶವಿಲ್ಲ. ಗ್ಯಾರೇಜ್, ಕಿಟಕಿ, ಅಂಚೆ ಪೆಟ್ಟಿಗೆ ದೆವ್ವಗಳದ್ದು. ಉಳಿದ ಟಿಶ್ಯೂ ಪೇಪರಿನಲ್ಲಿ ಅಮ್ಮ ಚೆಂಡುಹೂವಿನ ಮಾಲೆ ಮಾಡಿದಳು. ಕಿತ್ತಳೆ ಬಣ್ಣ ಎರಡು ಹಬ್ಬಕ್ಕೂ ಆಗುತ್ತದೆ, ಆ ಒಂದೂಕಾಲು ಡಾಲರ್ ಎರಡು ಸಲ ದುಡಿಯಿತು.

ಕುಂಬಳಕಾಯಿ ಒಂದೇ ತಂದಿದ್ದೆ, ನಾಲ್ಕು ಡಾಲರ್. ಮೊದಲು ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರಂತೆ. ಅಲ್ಲಿಂದ ಬಂದವರಿಗೆ ಅಮೆರಿಕದಲ್ಲಿ ಈ ದಪ್ಪ ಕುಂಬಳ ಸಿಕ್ಕಿತು. ಕೊರೆದರೆ ನಾಲ್ಕು ದಿನಕ್ಕೆ ಕೊಳೆಯುತ್ತದೆ, ಉಳಿದಿದ್ದು ಅಳಿಲಿಗೆ. ಹಾಗಾಗಿ ಕಾಗದದ ಮುಖ ಅಂಟಿಸುವುದು ಎಂದೆ. ನಾನು ಆರಿಸಿದ ಮುಖಗಳನ್ನೆಲ್ಲ ಅಮ್ಮ ಒಂದೊಂದಾಗಿ ತಳ್ಳಿದಳು. "ಇದೆಂತ ಹಲ್ಲು ಕಿರೀತಾ ಇದೆ. ದೃಷ್ಟಿ ತಾಗೋದಿಲ್ಲ ಇದಕ್ಕೆ." ಮಾರ್ಕರ್ ತೆಗೆದುಕೊಂಡು ತಾನೇ ಬರೆದಳು. ಗುಡ್ಡೆ ಕಣ್ಣು, ಕೋರೆಹಲ್ಲು, ಗಿರಿಜಾ ಮೀಸೆ, ಹೊರಚಾಚಿದ ನಾಲಿಗೆ. ಕಟ್ಟುತ್ತಿರುವ ಮನೆಗೆ ನೇತುಹಾಕುವ ಅದೇ ದೃಷ್ಟಿಬೊಂಬೆ! ಫೋನಿನಲ್ಲಿ ಸ್ಕ್ಯಾನ್ ಮಾಡಿ ಇಲ್ಲಿನ ಕನ್ನಡದ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಮೂರು ಮನೆಯ ಕುಂಬಳಕಾಯಿಗೆ ಮೀಸೆ ಬಂದಿತ್ತು. ಪುಕ್ಕಟೆ ಪ್ರಿಂಟಿಗಾಗಿ ಅಲೆದವಳು ಈಗ ಪುಕ್ಕಟೆ ಪ್ರಿಂಟ್ ಹಂಚುವವಳ ಮಗಳು.

ಎರಡು ಮನೆ ಆಚೆ ಕಡಲೆಕಾಯಿ ಅಲರ್ಜಿ ಇರುವ ಹುಡುಗಿಯಿದ್ದಾಳೆ. ಅವಳಿಗಾಗಿ ಟೀಲ್ ಪಂಪ್ಕಿನ್ ಪ್ರಾಜೆಕ್ಟಿನ ಫಲಕ ಹಾಕೋಣ ಅನ್ನಿಸಿತು. ಫೇರ್ ಎಂಬ ಆಹಾರ ಅಲರ್ಜಿಯ ಸಂಸ್ಥೆ 2014ರಿಂದ ದೇಶದಾದ್ಯಂತ ನಡೆಸುತ್ತಿರುವ ಕೆಲಸ ಅದು. ಮನೆ ಮುಂದೆ ನೀಲಿ ಹಸಿರು ಕುಂಬಳಕಾಯಿಯೋ ಅದರ ಚಿತ್ರವೋ ಇದ್ದರೆ, ಇಲ್ಲಿ ತಿಂಡಿಯಲ್ಲದ ಉಡುಗೊರೆಯೂ ಸಿಗುತ್ತದೆ ಎಂದರ್ಥ. ಫಲಕವನ್ನು ಅವರೇ ಪುಕ್ಕಟೆ ಕೊಡುತ್ತಾರೆ. ಪ್ರಿಂಟರಿನ ಕಪ್ಪು ಖಾಲಿ, ಬಣ್ಣದ ಕಾರ್ಟ್ರಿಜ್ ಮಾತ್ರ ತುಂಬಿತ್ತು. ನೋಡೋಣ ಎಂದು ಒತ್ತಿದೆ. ಸೊಗಸಾಗಿ ಬಂತು! ಈ ಬಣ್ಣಕ್ಕೆ ಕಪ್ಪು ಬೇಕಾಗಿಯೇ ಇಲ್ಲ. ಇದು ಮೊದಲೇ ಹೊಳೆದಿದ್ದರೆ ಬಾವಲಿ, ಬೆಕ್ಕಿನ ಗೆರೆಗಳನ್ನೂ ಕೆಂಪಿನಲ್ಲೇ ತೆಗೆಯಬಹುದಿತ್ತು, ಲೈಬ್ರರಿಯ ಒಂದೂವರೆ ಡಾಲರ್ ಉಳಿಯುತ್ತಿತ್ತು.

ಬಣ್ಣ ಸಿಕ್ಕ ಹುರುಪಿನಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಜಾಲತಾಣಕ್ಕೆ ಹೋದೆ. ಶತಮಾನದ ಹಿಂದಿನ ಹ್ಯಾಲೋವೀನ್ ಪೋಸ್ಟ್‌ಕಾರ್ಡುಗಳು ಅಲ್ಲಿವೆ. ಹಕ್ಕುಸ್ವಾಮ್ಯ ಮುಗಿದಿದ್ದರಿಂದ ಯಾರ ಅಪ್ಪಣೆಯೂ ಬೇಡ. ಹಾಳೆಗೆ ನಾಲ್ಕರಂತೆ ತೆಗೆದು ದಾರಕ್ಕೆ ಪೋಣಿಸಿದೆವು. ಒಂದರಲ್ಲಿ ಹುಡುಗಿಯೊಬ್ಬಳು ಮೇಣದಬತ್ತಿ ಹಿಡಿದು ಕನ್ನಡಿ ನೋಡುತ್ತಿದ್ದಾಳೆ. ಆ ರಾತ್ರಿ ಕನ್ನಡಿಯಲ್ಲಿ ಮುಂದೆ ಮದುವೆಯಾಗುವವನ ಮುಖ ಕಾಣುತ್ತದೆ ಎಂಬ ನಂಬಿಕೆ ಇತ್ತಂತೆ ಎಂದೆ. "ನಂಗೂ ಆಗ ಒಂದು ಕನ್ನಡಿ ಯಾರಾದ್ರೂ ಕೊಟ್ಟಿದ್ರೆ!" ಎಂದಳು ಅಮ್ಮ. ಊರಿನಲ್ಲಿರುವ ಅಪ್ಪ ವಿಡಿಯೋ ಕಾಲಿನಲ್ಲಿದ್ದರು. ಕೇಳಿಸದ ಹಾಗೆ ಇದ್ದುಬಿಟ್ಟರು.

ನಿನ್ನೆ ರಾತ್ರಿ ಇಲ್ಲಿ ಮಿಸ್ಚಿಫ್ ನೈಟ್. ಹ್ಯಾಲೋವೀನಿನ ಹಿಂದಿನ ರಾತ್ರಿ ನ್ಯೂಜೆರ್ಸಿಯ ಹುಡುಗರು ಮರಗಳಿಗೆ ಟಾಯ್ಲೆಟ್ ಪೇಪರ್ ಸುತ್ತಿ ಓಡುತ್ತಾರೆ. ನಮಗೆ ಅದೇ ರಾತ್ರಿ ನೀರು ತುಂಬುವ ಹಬ್ಬ. ಅಮ್ಮ ಹಂಡೆಯಿಲ್ಲದ ಮನೆಯಲ್ಲಿ ಪ್ಲಾಸ್ಟಿಕ್ ಬಕೆಟಿಗೇ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ನನ್ನ ಬಾವಲಿಗಳ ಗತಿ ಏನು ಎಂದು ನಾನು ಕಿಟಕಿಯಲ್ಲಿ ಕಾವಲು. "ಬೂರೆ ಹಬ್ಬದ ರಾತ್ರಿ ನಮ್ಮೂರ ಹುಡುಗ್ರು ಎಳನೀರು, ಸೌತೆಕಾಯಿ ಕದೀತಿರಲಿಲ್ವಾ? ನಿನ್ನ ಮಾವನೂ ಕದ್ದವನೇ. ಕಾಗದ ತಾನೆ, ಹೋದ್ರೆ ಹೋಗ್ಲಿ, ಮಲಕೋ" ಎಂದಳು. ಬೆಳಗ್ಗೆ ನೋಡಿದರೆ ಎಲ್ಲ ಹಾಗೇ ಇತ್ತು. ಎದುರುಮನೆಯ ಅಸ್ಥಿಪಂಜರಕ್ಕೆ ಮಾತ್ರ ಬಿಳಿ ಪೇಟ.

ಇನ್ನು "ನಾಳೆ ಬಾ". ಇದು ನನ್ನ ಐಡಿಯಾ, ಹೆಮ್ಮೆಯಿದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ರಾತ್ರಿ ದೆವ್ವ ಬಂದು ಮನೆಯವರದ್ದೇ ಧ್ವನಿಯಲ್ಲಿ ಕರೆಯುತ್ತದೆ, ಬರೆದಿದ್ದನ್ನು ಓದಿ ವಾಪಸ್ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಈ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಒಂದೇ ಅಂಗಡಿಯ ದೆವ್ವಗಳಿರುವಾಗ ನಮ್ಮದೊಂದು ಇರಲಿ ಅನ್ನಿಸಿತು. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುವ ಕನ್ನಡ ಅಕ್ಷರಗಳಲ್ಲಿ ಬಲೂ ತಮ್ಮ ಎಂಬ ಗುಂಡುಗುಂಡು ಫಾಂಟ್ ತೆಗೆದುಕೊಂಡೆ. ಹಾಳೆಗೊಂದು ಅಕ್ಷರ. ಒಳಗೆ ಟೊಳ್ಳು, ಅಂಚಿಗೆ ಕೆಂಪು ಗೆರೆ. ಮಗಳು ಕ್ರೇಯಾನಿನಲ್ಲಿ ತುಂಬಿದಳು. ಅವಳಿಗೆ "ಳೆ" ಬರೆಯಲು ಬರುತ್ತಿರಲಿಲ್ಲ, ಈಗ ಬರುತ್ತದೆ.

ಬಾಗಿಲಿಗೆ ಅಂಟಿಸಲು ಹೋದರೆ ಅಮ್ಮ ಅಡ್ಡ ಬಂದಳು. "ಇವತ್ತು ಲಕ್ಷ್ಮೀ ಪೂಜೆ ಕಣೇ. ಅವಳೂ ಓದ್ಕೊಂಡು ತಿರುಗಿ ಹೋದ್ರೆ ಎಂತ ಮಾಡ್ತೀ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಫಲಕ ಗ್ಯಾರೇಜಿನ ಬಾಗಿಲಿಗೆ ಹೋಯಿತು. ಲಕ್ಷ್ಮಿ ಆ ಕಡೆಯಿಂದ ಬರುವುದಿಲ್ಲವಂತೆ.

ಸಂಜೆ ಬಿಸಿಲು ಇಳಿದ ಮೇಲೆ ವರಾಂಡದ ದೀಪ ಹಾಕಿದೆವು. ಅದು ಉರಿಯುತ್ತಿದ್ದರೆ ಚಾಕಲೇಟ್ ಉಂಟು ಎಂದು ಇಲ್ಲಿನ ಮಕ್ಕಳಿಗೆ ಗೊತ್ತು. ಅರವತ್ತರವರೆಗೆ ಎಣಿಸಿ ಬಿಟ್ಟೆ. ಅಲರ್ಜಿಯ ಹುಡುಗಿ ಬಂದು ಸ್ಟಿಕರ್ ಆರಿಸಿಕೊಂಡಳು, ಹತ್ತು ನಿಮಿಷ. ಗ್ಯಾರೇಜಿನ ಮುಂದೆ ನಿಂತು ಇದು ಯಾವ ಮಂತ್ರ ಎಂದು ಕೇಳಿದವರು ನಾಲ್ಕು ಜನ.

ಖರ್ಚು ಒಟ್ಟು ಹತ್ತೂವರೆ ಡಾಲರ್, ತೆರಿಗೆ ಬಿಟ್ಟು. ಇಂಕಿನದ್ದು ಸೇರಿಸಿಲ್ಲ. ಇವರೂ ಕೇಳಿಲ್ಲ.

1 ನವೆಂಬರ್, ಶುಕ್ರವಾರ

ಇದನ್ನು ಸೇರಿಸದೆ ಹೋದರೆ ಆಗುವುದಿಲ್ಲ. ಸಂಜೆ ಆರೂವರೆಗೆ ಬೆಲ್ ಆಯಿತು. ಹಿಂದಿನ ಬೀದಿಯ ಕನ್ನಡದವರು, ಜೊತೆಗೆ ಆರು ವರ್ಷದ ಮಗ. ಇವತ್ತೂ ಡೈನೋಸಾರ್ ವೇಷದಲ್ಲೇ ಇದ್ದಾನೆ. ರಾಜ್ಯೋತ್ಸವದ ಶುಭಾಶಯ ಹೇಳಲು ಬಂದರೇನೋ ಅಂದುಕೊಂಡೆ. ಅವನ ಅಪ್ಪ ನಗುತ್ತಾ ಹೇಳಿದರು. ಹುಡುಗ ಶನಿವಾರದ ಕನ್ನಡ ಕ್ಲಾಸಿಗೆ ಹೋಗುತ್ತಾನೆ. ನಿನ್ನೆ ನಮ್ಮ ಗ್ಯಾರೇಜಿನ ಮುಂದೆ ನಿಂತು ನಾ, ಳೆ, ಬಾ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಾನೆ. ಓದಿ, ಅಪ್ಪ ಎಷ್ಟು ಹೇಳಿದರೂ ಬೆಲ್ ಒತ್ತದೆ ಮನೆಗೆ ವಾಪಸ್ ಹೋಗಿದ್ದಾನೆ.

ಅಮ್ಮ ಅವನನ್ನು ಒಳಗೆ ಕರೆದು ಎರಡು ಕಜ್ಜಾಯ ಕೊಟ್ಟಳು. ನಾನು ಬುಟ್ಟಿಯಲ್ಲಿ ಉಳಿದಿದ್ದ ಚಾಕಲೇಟನ್ನೆಲ್ಲ ಅವನ ಚೀಲಕ್ಕೆ ಸುರಿದೆ. ಹೊರಡುವಾಗ ಹುಡುಗ ಗ್ಯಾರೇಜಿನ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ ಕೇಳಿದ.

"ಆಂಟಿ, ನಾಳೆನೂ ಬರಬೇಕಾ?"