ಬಿಳಿಗಿರಿಯ ಕಾಡಿನಲ್ಲಿ ಲಂಟಾನ ಕಿತ್ತ ದಿನ

ಮುಂಗಾರು ಕಳೆದು ನೆಲ ಇನ್ನೂ ಹಸಿಯಾಗಿದ್ದ ಒಂದು ಮುಂಜಾನೆ, ಬಿಳಿಗಿರಿರಂಗನಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಲಂಟಾನ ಕೀಳಲು ನಾವು ಹನ್ನೊಂದು ಮಂದಿ ಸ್ವಯಂಸೇವಕರು ಸೇರಿದ್ದೆವು. ಅರಣ್ಯ ಇಲಾಖೆಯ ಇಬ್ಬರು ವಾಚರುಗಳೂ ಹತ್ತಿರದ ಪೋಡಿನ, ಅಂದರೆ ಕಾಡಿನ ಹಾಡಿಯ, ನಾಲ್ವರು ಸೋಲಿಗರೂ ಜೊತೆಗಿದ್ದರು. ಸುತ್ತ ಆನೆಯಿಲ್ಲವೆಂದು ವಾಚರುಗಳು ನೋಡಿ ಬಂದ ಮೇಲೆಯೇ ನಾವು ಜೀಪಿನಿಂದ ಇಳಿದೆವು.

ಲಂಟಾನವನ್ನು ನಾನು ಹೊಲದ ಬೇಲಿಗಳಲ್ಲಿ ಮಾತ್ರ ಕಂಡಿದ್ದೆ. ಇಲ್ಲಿ ಅದು ಆಳೆತ್ತರಕ್ಕೆ ಬೆಳೆದು, ಒಂದು ಪೊದೆ ಇನ್ನೊಂದರೊಳಗೆ ಹೆಣೆದುಕೊಂಡು, ಜಿಂಕೆಯೂ ನುಗ್ಗಲಾರದಂತೆ ನೆಲವನ್ನು ಮುಚ್ಚಿತ್ತು; ಅದರ ನೆರಳಿನಲ್ಲಿ ಹುಲ್ಲಿನ ಒಂದು ಎಸಳೂ ಇರಲಿಲ್ಲ. ಅಮೆರಿಕದ ಉಷ್ಣವಲಯದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಅಂದಕ್ಕಾಗಿ ಭಾರತಕ್ಕೆ ತಂದರು. ಹಣ್ಣು ತಿಂದ ಪಿಕಳಾರದಂತಹ ಹಕ್ಕಿಗಳು ಬೀಜವನ್ನು ಕಾಡೆಲ್ಲ ಹರಡಿದವು. ಈ ಬೆಟ್ಟದಲ್ಲಿ 1997ರಿಂದ 2008ರ ನಡುವೆ ಲಂಟಾನ ಹಬ್ಬಿದ ಜಾಗಗಳ ಪ್ರಮಾಣ ಸುಮಾರು ಎರಡು ಪಟ್ಟಾಯಿತು.

ಮಚ್ಚು ಹಿಡಿದು ಮೊದಲ ಒಂದು ಗಂಟೆ ನಾನು ಕಾಂಡಗಳನ್ನು ಕತ್ತರಿಸುತ್ತ ಹೋದೆ. ಹಿರಿಯ ಸೋಲಿಗರೊಬ್ಬರು ಬಳಿ ಬಂದು, "ಮ್ಯಾಲ ಕುಯ್ದ್ರ ಒಂದಕ್ಕ ಹತ್ತು ಚಿಗುರ್ತದ ಸಾ, ಬುಡುಕ್ಕ ಹೋಗ್ಬೇಕು" ಎಂದರು. ಕಾಂಡವೂ ಬೇರೂ ಕೂಡುವ ಗಂಟಿನಿಂದಲೇ ಈ ಗಿಡ ಮತ್ತೆ ಚಿಗುರುವುದರಿಂದ, ಗುದ್ದಲಿಯಿಂದ ಮಣ್ಣು ಬಿಡಿಸಿ, ನೆಲದಿಂದ ಮೂರು ನಾಲ್ಕು ಅಂಗುಲ ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಬೇರು ಮೇಲಾಗಿ ತಿರುಗಿಸಿ ಒಣಗಲು ಬಿಡಬೇಕು. ಅವರು ಹೀಗೆ ನಾಲ್ಕು ಪೊದೆ ಕೀಳುವಷ್ಟರಲ್ಲಿ ನನ್ನದು ಒಂದು ಮುಗಿಯುತ್ತಿತ್ತು. ನಾನು ಕತ್ತರಿಸಿ ಬಿಟ್ಟಿದ್ದ ಬುಡಗಳಿಗೆ ಹಿಂದಿರುಗಿ, ಒಂದೊಂದನ್ನೂ ಮತ್ತೆ ಅಗೆದೆ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವರು ತರಗು ಬೆಂಕಿಯ ಮಾತೆತ್ತಿದರು. ಬೇಸಿಗೆ ಬಲಿಯುವ ಮೊದಲೇ ಒಣ ಎಲೆಗಳಿಗೆ ಹಚ್ಚುತ್ತಿದ್ದ, ಮೊಣಕಾಲೆತ್ತರಕ್ಕೂ ಏಳದ ಬೆಂಕಿ ಅದು. ಅದರಿಂದ ಲಂಟಾನದ ಸಸಿಗಳು ಸಾಯುತ್ತಿದ್ದವು, ನೆಲ್ಲಿಮರಕ್ಕೆ ಅಂಟುವ ಉಪ್ಪಿಲು, ಅಂದರೆ ಬಂದಳಿಕೆ, ಹತೋಟಿಯಲ್ಲಿರುತ್ತಿತ್ತು. ಅದು ನಿಂತದ್ದರಿಂದಲೇ ಲಂಟಾನ ಕಾಡನ್ನು ನುಂಗಿತು ಎಂಬುದು ಸೋಲಿಗರ ದೃಢವಾದ ನಂಬಿಕೆ. ಈಗ ಅದೇ ಬೆಂಕಿ ಹಚ್ಚಿದರೆ ಒಣಗಿದ ಪೊದೆಗಳನ್ನು ಏರಿ ಮರದ ನೆತ್ತಿಯನ್ನೇ ಮುಟ್ಟಬಹುದಾದ್ದರಿಂದ ಹಳೆಯ ಪದ್ಧತಿಗೆ ಹಾಗೆಯೇ ಮರಳುವುದು ಸುಲಭವಲ್ಲ. ಆದರೂ ಯಾವ ಇಳಿಜಾರನ್ನು ಮೊದಲು ತೆರವು ಮಾಡಬೇಕು, ಎಲ್ಲಿ ಯಾವ ಹುಲ್ಲಿತ್ತು ಎಂಬುದನ್ನು ನಿರ್ಧರಿಸುವಾಗ ಅವರನ್ನೇ ಮೊದಲು ಕೇಳಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. 2011ರಲ್ಲಿ ಅವರಿಗೆ ಇಲ್ಲಿ ಸಮುದಾಯ ಅರಣ್ಯ ಹಕ್ಕು, ಅಂದರೆ ಕಾಡನ್ನು ಒಟ್ಟಾಗಿ ಬಳಸುವ ಮತ್ತು ಕಾಯುವ ಹಕ್ಕು, ದೊರೆತಿದೆ.

ಸಂಜೆ ನಾಲ್ಕಕ್ಕೆ ಕೆಲಸ ನಿಲ್ಲಿಸಿದಾಗ ಬಯಲಾಗಿದ್ದದ್ದು ಅರ್ಧ ಎಕರೆಗೂ ಕಡಿಮೆ.

ಮರುವರ್ಷ ಮಳೆಗಾಲದ ಕೊನೆಗೆ ಅದೇ ಜಾಗಕ್ಕೆ ಹೋದೆ. ಹಕ್ಕಿಗಳು ಕೂರುವ ಮತ್ತಿಮರದ ಕೆಳಗೆ ಲಂಟಾನದ ಹೊಸ ಸಸಿಗಳು ದಟ್ಟವಾಗಿ ಎದ್ದಿದ್ದವು. ಅವು ಬರಿಗೈಯಲ್ಲೇ ಕಿತ್ತು ಬರುತ್ತಿದ್ದವು, ಇನ್ನೊಂದು ವರ್ಷ ಬಿಟ್ಟಿದ್ದರೆ ಮತ್ತೆ ಗುದ್ದಲಿಯೇ ಬೇಕಾಗುತ್ತಿತ್ತು. ಮರದ ನೆರಳಿನಾಚೆ ಮೊಣಕಾಲುದ್ದದ ಹುಲ್ಲು ಬೆಳೆದಿತ್ತು, ಅದರ ನಡುವೆ ಜಿಂಕೆಯ ಹಿಕ್ಕೆ ಬಿದ್ದಿತ್ತು. ಮಧ್ಯಾಹ್ನದವರೆಗೆ ಸಸಿ ಕಿತ್ತು, ಪಕ್ಕದ ಪೊದೆಗೆ ಗುದ್ದಲಿ ಹಾಕಿದೆವು.