ದುರ್ಗದ ಸೀಮೆಯಲ್ಲಿ ಗಾಳಿ-ದೆವ್ವದ ಕಥೆ ಕೂಡಿಡುವವರಿಗೆ ರಾಮಾನುಜನ್ ನೆನಪು

ಎ. ಕೆ. ರಾಮಾನುಜನ್ ತೀರಿಕೊಂಡದ್ದು 1993ರ ಜುಲೈ 13ರಂದು, ಷಿಕಾಗೋದಲ್ಲಿ. ಕವಿ, ವಚನಗಳ ಅನುವಾದಕ ಎಂದು ಅವರನ್ನು ನೆನೆಯುವವರು ಬಹಳ. ಕಥೆ ಬಲ್ಲವರ ಮುಂದೆ ಕೂತು ಬರೆದುಕೊಂಡ ರಾಮಾನುಜನ್ ಅಷ್ಟಾಗಿ ನೆನಪಾಗುವುದಿಲ್ಲ. ಅವರು ಕೂಡಿಟ್ಟ 77 ಕನ್ನಡ ಕಥೆಗಳು ಪುಸ್ತಕವಾಗಿ ಬಂದದ್ದೇ 1997ರಲ್ಲಿ.

ಅದರಲ್ಲೊಬ್ಬಳು ಹೆಂಗಸು. ಅವಳಿಗೆ ಒಂದು ಕಥೆ ಗೊತ್ತು, ಒಂದು ಹಾಡು ಗೊತ್ತು, ಯಾರಿಗೂ ಹೇಳಳು. ಬೇಸತ್ತ ಕಥೆ ಕಾಲ್ಜೋಡಾಗಿ ಮನೆ ಹೊರಗೆ ಕೂರುತ್ತದೆ, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತಾಡುತ್ತದೆ. ಗಂಡನಿಗೆ ಅನುಮಾನ, ಜಗಳ. ಅವನು ಆಂಜನೇಯನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ದೀಪ ಆರಿಸಿದ ಮೇಲೆ ಜ್ವಾಲೆಗಳೆಲ್ಲ ಅದೇ ಗುಡಿಯಲ್ಲಿ ಸೇರಿ ಮಾತಿಗೆ ಕೂರುತ್ತವೆ. ತಡವಾಗಿ ಬಂದ ತನ್ನ ಮನೆಯ ದೀಪದ ಬಾಯಿಂದ ಅವನಿಗೆ ನಿಜ ತಿಳಿಯುತ್ತದೆ. ದೆವ್ವವೇ ಇಲ್ಲ, ಆದರೂ ಮೈ ಜುಂ ಅನ್ನುತ್ತದೆ.

ಒಂದೇ ಕಥೆ ನಾಲ್ಕು ಬಾಯಲ್ಲಿ ನಾಲ್ಕು ಥರ ಬಂದರೆ ನಾಲ್ಕನ್ನೂ ಇಟ್ಟುಕೊಳ್ಳಬೇಕು. ರಾಮಾನುಜನ್ ಅವರಿಂದ ಮೊದಲು ಕಲಿಯಬೇಕಾದದ್ದು ಇದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ನೋಡಿ. ರಾಜನ ಮಗಳು ಶಾಂತವ್ವ ಪ್ರಾಯಶ್ಚಿತ್ತಕ್ಕೆ ಕೆರೆ ಕಟ್ಟಿಸಿದಳು ಎನ್ನುವವರಿದ್ದಾರೆ. ಜಾಗ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರು ಉಳಿಯಲಿ ಅಂದರು ಎನ್ನುವವರೂ ಇದ್ದಾರೆ. ಎರಡನ್ನೂ ಬೆಸೆದು ‘ಸರಿಯಾದ ಕಥೆ’ ಮಾಡಿದರೆ ಇಬ್ಬರು ಹೇಳಿದ್ದೂ ಹಾಳಾಗುತ್ತದೆ.

ಹಟ್ಟಿಗೆ ಹೋಗಿ “ದೆವ್ವದ ಕಥೆ ಹೇಳಜ್ಜಿ” ಎಂದರೆ “ಅಂಥವೆಲ್ಲ ಈಗ ಎಲ್ಲೈತಪ್ಪ” ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಓದಿದವರು ನಗುತ್ತಾರೆಂಬ ಅಳುಕು ಅದು. ಜಾಗ ಹಿಡಿದು ಕೇಳಿ: “ಹೊತ್ತು ಮುಳುಗಿದ ಮ್ಯಾಲೆ ಯಾವ ದಾರೀಲಿ ಹೋಗಬ್ಯಾಡ ಅಂತಿದ್ರು?” ಹುಣಸೆಮರ, ಹಾಳುಬಾವಿ, ಸ್ಮಶಾನದ ತಿರುವು ತಾವಾಗಿ ಬರುತ್ತವೆ. ಸುಗ್ಗಿಯಲ್ಲಿ ಹೋಗಬೇಡಿ, ಯಾರಿಗೂ ಪುರುಸೊತ್ತಿರುವುದಿಲ್ಲ. ರಾತ್ರಿ ಊಟದ ನಂತರದ ಹೊತ್ತು ಒಳ್ಳೆಯದು.

ರೆಕಾರ್ಡಿಂಗಿಗೆ ಫೋನ್ ಸಾಕು. ಮೊದಲು ಏರೋಪ್ಲೇನ್ ಮೋಡ್‌ಗೆ ಹಾಕಿ. ರೆಕಾರ್ಡಿಂಗ್ ಆ್ಯಪಿನಲ್ಲಿ ದನಿಯನ್ನು ಕುಗ್ಗಿಸದ ವೇವ್ (WAV) ಫೈಲ್, 48 ಕಿಲೋಹರ್ಟ್ಸ್, 16 ಬಿಟ್, ಮೊನೊ (ಒಂದೇ ಚಾನೆಲ್) ಇಟ್ಟರೆ ಗಂಟೆಗೆ ಸುಮಾರು 350 ಎಂಬಿ ಆಗುತ್ತದೆ. ಹೇಳುವವರಿಂದ ಎರಡು ಗೇಣು ದೂರದಲ್ಲಿ, ಮಡಿಸಿದ ಟವೆಲ್ ಮೇಲಿಡಿ. ಬರೀ ಕಟ್ಟೆ ಮೇಲಿಟ್ಟರೆ ಬಳೆ, ಎಲೆಡಿಕೆ ಚೀಲ, ಕುಟ್ಟಾಣಿ ಎಲ್ಲದರ ಸದ್ದೂ ಅದರೊಳಗೆ ಗುದ್ದುತ್ತದೆ. ತಗಡಿನ ಚಾವಣಿ ಕೆಳಗೆ ದನಿ ಮಾರ್ದನಿಸುತ್ತದೆ, ಅಂಗಳ ವಾಸಿ. ಶುರುವಿನಲ್ಲೇ ಊರು, ತಾರೀಖು, ಹೇಳುವವರ ಹೆಸರು, ಅವರು ಯಾರಿಂದ ಕೇಳಿದ್ದು, ಇಷ್ಟನ್ನು ಅವರ ದನಿಯಲ್ಲೇ ಹೇಳಿಸಿ.

ಹೂಂಗುಟ್ಟುವವರಿಲ್ಲದೆ ಕಥೆ ನಡೆಯುವುದಿಲ್ಲ. ಆ ಕೆಲಸ ನೀವು ಮಾಡಿದರೆ ಫೋನಿಗೆ ಹತ್ತಿರವಿರುವ ನಿಮ್ಮ “ಹೂಂ” ವಾಕ್ಯದ ಕೊನೆಗಳನ್ನೆಲ್ಲ ನುಂಗುತ್ತದೆ. ಮೊಮ್ಮಗಳನ್ನು ಅಜ್ಜಿಯ ಆಚೆ ಮಗ್ಗುಲಲ್ಲಿ ಕೂರಿಸಿ. ನೋಟ್‌ಬುಕ್ ಹಿಡಿದವರಿಗೆ ಸಾರಾಂಶ ಒಪ್ಪಿಸುವ ಅಜ್ಜಿ, ಮಗುವಿಗಾದರೆ ಮೋಹಿನಿಯ ಗೆಜ್ಜೆಸದ್ದನ್ನೂ ಮಾಡಿ ತೋರಿಸುತ್ತಾಳೆ.

ಬರೆದಿಳಿಸುವಾಗ “ಬಂದೈತೆ”ಯನ್ನು “ಬಂದಿದೆ” ಮಾಡಬೇಡಿ. ಹೆಸರುಗಳ ವಿಷಯ ಮಾತ್ರ ಬೇರೆ. ಎಷ್ಟೋ ಗಾಳಿಯ ಕಥೆಗಳಲ್ಲಿ ಬಾವಿಗೆ ಬಿದ್ದವಳು ನಿಜವಾಗಿ ಬಾಳಿದ್ದ ಸೊಸೆ. ಅವಳ ಮಕ್ಕಳು ಅದೇ ಕೇರಿಯಲ್ಲಿರುತ್ತಾರೆ. ಹೊರಗೆ ಹಾಕುವ ಪ್ರತಿಯಲ್ಲಿ ಅವಳ ಹೆಸರು, ಮನೆತನ, ಬಾವಿಯ ಗುರುತು ಮೂರನ್ನೂ ಬದಲಿಸಿ, ಮೂಲವನ್ನು ಬೇರೆಯಾಗಿ ಇಡಿ. ಹೇಳಿದವರು ಬೇಡವೆಂದರೆ ಹಾಕಲೇಬೇಡಿ.