ಸ್ಕೋರ್ ಎಷ್ಟಾಯ್ತು?

ವಿರಾಜಪೇಟೆಯಲ್ಲಿ ಜೋರು ಮಳೆ. ಬಸ್ಸು ತಡ ಅಂತ ಕ್ಯಾಂಟೀನಿನಲ್ಲಿ ಕೂತೆ. ಟಿವಿಯ ರಾಜಕೀಯ ಚರ್ಚೆಯಲ್ಲಿ ನಾಲ್ಕು ಜನ ಒಟ್ಟಿಗೆ ಕಿರುಚಾಡುತ್ತಿದ್ದರು. ಸೌಂಡೇ ಇರಲಿಲ್ಲ, ಆದರೂ ಯಾರೂ ಟಿವಿಯಿಂದ ಕಣ್ಣು ಕೀಳುತ್ತಿಲ್ಲ. ತಟ್ಟೆಯಲ್ಲಿ ಪರೋಟ ತಣ್ಣಗಾಗುತ್ತಿತ್ತು.

2019ರ ಜುಲೈ ನೆನಪಾಯಿತು. ವಿಧಾನಸಭೆಯಲ್ಲಿ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ದಿನಗಳು. ಅತೃಪ್ತ ಶಾಸಕರು ಮುಂಬೈ ಹೋಟೆಲಿನಲ್ಲಿ, ನಾವು ಟಿವಿ ಮುಂದೆ. ಹಿಂದಿನ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರು ಇನ್ನೂ ಬಾಡಿಗೆ ಮನೆಯಲ್ಲಿದ್ದರು, ಅದು ಬೇರೆ ಮಾತು. ಮತ ಎಣಿಸುವ ಸಂಜೆಯೇ ನಮ್ಮಲ್ಲಿ ಕರೆಂಟ್ ಹೋಯಿತು. ಪಕ್ಕದ ಮನೆ ಅಣ್ಣ ಟಾರ್ಚ್ ಹಿಡಿದು, ಕೊಡೆ ಬಿಚ್ಚಿಕೊಂಡು ಬಂದರು.

"ಸ್ಕೋರ್ ಎಷ್ಟಾಯ್ತು?"

"99ಕ್ಕೆ 105. ಸರ್ಕಾರ ಬಿತ್ತು ಅಣ್ಣ."

"ಛೆ, ಮುಗಿದೇ ಹೋಯ್ತಾ!"

ಬೇಜಾರು ಸರ್ಕಾರ ಬಿದ್ದಿದ್ದಕ್ಕಲ್ಲ, ನಾಳೆಯಿಂದ ನೋಡೋಕೆ ಏನೂ ಇಲ್ಲ ಅಂತ. ನಮ್ಮ ರಸ್ತೆ ಕಥೆ ಏನು ಅಂತ ಅವರೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ನಾನೇನು ಕಮ್ಮಿ? ಆ ವಾರವೆಲ್ಲ ಮೊಬೈಲ್ ಕೆಳಗಿಟ್ಟವನಲ್ಲ. ಗ್ರಾಮಸಭೆಗೆ ಮಾತ್ರ ಮಳೆ ಅಂತ ಚಕ್ಕರ್.

ಕೊನೆಗೂ ಬಸ್ಸು ಬಂತು. ಕಿಟಕಿ ಪಕ್ಕ ಸೀಟು ಹಿಡಿದು ಮೊದಲು ಮಾಡಿದ್ದು, ಅದೇ ನಾಲ್ಕು ಜನರ ಕಿರುಚಾಟವನ್ನು ಮೊಬೈಲಿನಲ್ಲಿ ಹುಡುಕಿ, ಇಯರ್‌ಫೋನ್ ಹಾಕಿಕೊಂಡು ಕೇಳಿದ್ದು.